‘ವಿದಿನ್ ಫ್ರೈಡೇ’ ಅಂತ ಬರೆದು ಸಿಕ್ಕಿಬಿದ್ದೆ: ಈ ‘ಬೈ’ಗೆ ಒಟ್ಟು ಎಷ್ಟು ಅರ್ಥ?

ಅರ್ಧಚಂದ್ರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ವಿಷಯ ಸಣ್ಣದು, ಆದರೆ ಎರಡು ದಿನದಿಂದ ತಲೆ ತಿನ್ನುತ್ತಿದೆ.

ಹೋದ ವಾರ ಒಂದು ಇಮೇಲಿನಲ್ಲಿ ‘ಐ ವಿಲ್ ಸೆಂಡ್ ದ ಫೈಲ್ ವಿದಿನ್ ಫ್ರೈಡೇ’ ಅಂತ ಬರೆದೆ. ಶುಕ್ರವಾರದೊಳಗೆ ಕಳಿಸುತ್ತೇನೆ ಅನ್ನುವುದು ಮನಸ್ಸಿನಲ್ಲಿದ್ದದ್ದು. ಒಳಗೆ ಅಂದ್ರೆ ವಿದಿನ್, ಅಲ್ವಾ? ಅಲ್ಲವಂತೆ. ಜೊತೆಗೆ ಕೆಲಸ ಮಾಡುವವರೊಬ್ಬರು ‘ಅಲ್ಲಿ ಬೈ ಬರಬೇಕು’ ಅಂದರು. ಸರಿ, ಕಲಿತೆ ಅಂದುಕೊಂಡೆ. ಎರಡು ದಿನ ಬಿಟ್ಟು ಅವರಿಗೇ ‘ಐ ವಿಲ್ ಬಿ ಅಟ್ ಮೈ ಡೆಸ್ಕ್ ಬೈ ಸಿಕ್ಸ್’ ಅಂತ ಕಳಿಸಿದೆ. ಆರು ಗಂಟೆವರೆಗೂ ಇರುತ್ತೇನೆ, ಅಷ್ಟರಲ್ಲಿ ಬನ್ನಿ ಅಂತ. ಅವರು ಆರೂ ಹತ್ತಕ್ಕೆ ಬಂದರು, ನಾನು ಅಷ್ಟೊತ್ತಿಗೆ ಬ್ಯಾಗ್ ಹಾಕಿಕೊಂಡು ಹೊರಟಾಗಿತ್ತು. ಆರರೊಳಗೆ ನಾನು ಬಂದು ಕೂತಿರುತ್ತೇನೆ ಅಂತ ಅವರು ಓದಿಕೊಂಡಿದ್ದರಂತೆ. ತಪ್ಪು ನಂದೇ ಅಂತ ಗೊತ್ತಾಯಿತು, ಏನು ತಪ್ಪು ಅಂತ ಗೊತ್ತಾಗಲಿಲ್ಲ.

ಆಮೇಲೆ ಸುಮ್ನೆ ಕೂತು ಯೋಚಿಸಿದರೆ ಈ ಪುಟ್ಟ ಪದ ಎಲ್ಲೆಲ್ಲೂ ಇದೆ. ಬೈ ಬಸ್, ಬೈ ಮಿಸ್ಟೇಕ್, ಬೈ ಹಾರ್ಟ್, ಟೆನ್ ಬೈ ಟ್ವೆಲ್ವ್ ರೂಮು, ಸ್ಟ್ಯಾಂಡ್ ಬೈ, ಬೈ ದ ವೇ, ಫೋಟೋದ ಕೆಳಗೆ ‘ಬೈ’ ಇಂಥವರು ಅಂತ. ನಿಘಂಟು ತೆಗೆದರೆ ಅರ್ಥಗಳ ಸಾಲು ಮುಗಿಯುವುದೇ ಇಲ್ಲ. ಇದಕ್ಕೆಲ್ಲ ಹಿಂದೆ ಒಂದು ಮೂಲ ಅರ್ಥ ಅಂತ ಏನಾದರೂ ಇದೆಯಾ, ಅಥವಾ ಒಂದೊಂದನ್ನೂ ಉರು ಹೊಡೆಯಬೇಕಾ? ಮತ್ತೆ ನನ್ನ ಆ ಎರಡು ತಪ್ಪಿಗೆ ಯಾರಾದರೂ ಕನ್ನಡದಲ್ಲಿ ಕಾರಣ ಹೇಳುತ್ತೀರಾ? ಇಂಗ್ಲಿಷ್ ವ್ಯಾಕರಣದ ಪುಸ್ತಕದ ಭಾಷೆ ನನ್ನ ತಲೆಗೆ ಹತ್ತುವುದಿಲ್ಲ.

ಹಳೇಪೆನ್ಸಿಲ್

ನಿಮ್ಮ ಎರಡು ಎಡವಟ್ಟನ್ನು ನಾನು ಬಿಡಿಸುತ್ತೇನೆ, ಮೂಲದ ಕಥೆ ಬಲ್ಲವರು ಹೇಳಲಿ.

ಕನ್ನಡದ ‘ಒಳಗೆ’ ಎರಡು ಕೆಲಸ ಮಾಡುತ್ತದೆ. ‘ಎರಡು ದಿನದೊಳಗೆ’ ಅನ್ನುತ್ತೇವೆ, ‘ಶುಕ್ರವಾರದೊಳಗೆ’ ಅಂತಲೂ ಅನ್ನುತ್ತೇವೆ. ಇಂಗ್ಲಿಷಿನಲ್ಲಿ ಇವೆರಡೂ ಬೇರೆ. ಎರಡು ದಿನ ಅನ್ನುವುದು ಒಂದು ಅಳತೆ. ಅದಕ್ಕೆ ಆ ಕಡೆ ಈ ಕಡೆ ಎರಡು ತುದಿ ಇದೆ, ಒಳಗೆ ಜಾಗ ಇದೆ. ಅದಕ್ಕೆ ವಿದಿನ್. ನಿಮ್ಮ ಇಮೇಲಿನ ಶುಕ್ರವಾರ ಅಳತೆ ಅಲ್ಲ, ಗಡಿಕಲ್ಲು. ಗಡಿಕಲ್ಲಿನ ಒಳಗೆ ಯಾರೂ ಹೋಗುವುದಿಲ್ಲ, ಅದನ್ನು ದಾಟದ ಹಾಗೆ ಕೆಲಸ ಮುಗಿಸುತ್ತಾರೆ. ಅದಕ್ಕೆ ಬೈ. ಅಂದ್ರೆ ‘ವಿದಿನ್ ಟೂ ಡೇಸ್’ ಸರಿ, ‘ಬೈ ಫ್ರೈಡೇ’ ಸರಿ. ಇದನ್ನು ಅದಲುಬದಲು ಮಾಡುವವರು ನೀವೊಬ್ಬರೇ ಅಲ್ಲ, ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯುವ ಎಷ್ಟೋ ಜನ ‘ವಿದಿನ್ ಮಂಡೇ’ ಅಂತ ಬರೆಯುವುದನ್ನು ನೋಡಿದ್ದೇನೆ. ನಾನೂ ಬರೆದಿದ್ದೇನೆ.

ಎರಡನೆಯದು ಬೈ ಮತ್ತು ಅಂಟಿಲ್ ಜಗಳ. ನಾನು ಮಾಡುವ ಪರೀಕ್ಷೆ ಇದು: ಆ ಕೆಲಸ ಒಂದು ಏಟಿಗೆ ಮುಗಿಯುವಂಥದ್ದಾ, ಇಲ್ಲ ಹೊತ್ತು ಹೊತ್ತು ಎಳೆಯುವಂಥದ್ದಾ? ಕಳಿಸುವುದು, ಮುಗಿಸುವುದು, ತಲುಪುವುದು ಒಂದು ಏಟಿನ ಕೆಲಸ. ಅದು ಯಾವಾಗಲೋ ಒಂದು ಕ್ಷಣದಲ್ಲಿ ಆಗುತ್ತದೆ, ಆ ಕ್ಷಣ ಗಡಿಗಿಂತ ಆಚೆ ಹೋಗಬಾರದು. ಅದಕ್ಕೆ ಬೈ. ಕಾಯುವುದು, ನಿದ್ದೆ ಮಾಡುವುದು, ಕೂತಿರುವುದು ಎಳೆಯುವ ಕೆಲಸ. ಗಡಿ ಮುಟ್ಟುವವರೆಗೂ ನಡೆದೇ ಇರುತ್ತದೆ. ಅದಕ್ಕೆ ಅಂಟಿಲ್. ನೀವು ಹೇಳಬೇಕಿದ್ದದ್ದು ‘ಅಂಟಿಲ್ ಸಿಕ್ಸ್’. ನೀವು ಬೈ ಹಾಕಿದ್ದರಿಂದ ಅವರು ಅದನ್ನು ‘ಬಂದು ಸೇರುವ’ ಕ್ಷಣ ಅಂತ ತೆಗೆದುಕೊಂಡರು. ಅವರ ತಪ್ಪೇನೂ ಇಲ್ಲ.

ಕನ್ನಡದಲ್ಲಿ ನಮಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ‘ಆರರೊಳಗೆ’, ‘ಆರರ ಹೊತ್ತಿಗೆ’ ಅಂದರೆ ಬೈ. ‘ಆರರವರೆಗೆ’, ‘ಆರರ ತನಕ’ ಅಂದರೆ ಅಂಟಿಲ್. ‘ಆರರೊಳಗೆ ಕಾಯುತ್ತೇನೆ’ ಅಂತ ಯಾವ ಕನ್ನಡಿಗರೂ ಹೇಳುವುದಿಲ್ಲ. ಬರೆಯುವ ಮುಂಚೆ ಒಂದು ಸಲ ಮನಸ್ಸಿನಲ್ಲೇ ಕನ್ನಡದಲ್ಲಿ ಹೇಳಿಕೊಂಡರೆ ಸಾಕು.

ಬೈ ಫ್ರೈಡೇ ಅಂದರೆ ಶುಕ್ರವಾರ ಸೇರುತ್ತದಾ ಅಂತ ಮುಂದಿನ ಪ್ರಶ್ನೆ ಬರುತ್ತದೆ, ಬಂದೇ ಬರುತ್ತದೆ. ಸಾಮಾನ್ಯವಾಗಿ ಸೇರುತ್ತದೆ. ಬಿಫೋರ್ ಫ್ರೈಡೇ ಅಂದರೆ ಗುರುವಾರಕ್ಕೆ ಮುಗಿಯಿತು. ಆದರೆ ಶುಕ್ರವಾರ ಬೆಳಿಗ್ಗೆಯೋ ರಾತ್ರಿ ಹನ್ನೆರಡಕ್ಕೋ ಅಂತ ಬೈ ಹೇಳುವುದಿಲ್ಲ. ಅರ್ಜಿಗಳಲ್ಲಿ, ಕರಾರುಗಳಲ್ಲಿ ‘ಆನ್ ಆರ್ ಬಿಫೋರ್’ ಅಂತ ಉದ್ದಕ್ಕೆ ಬರೆಯುವುದು ಈ ಕಾರಣಕ್ಕೇ.

ಮಾತಿನಮಲ್ಲಿ

ಶೀರ್ಷಿಕೆಯಲ್ಲಿ ಬೈ ಅಂತ ಕಂಡಿತು, ಯಾರನ್ನೋ ಬೈಯುವ ಚರ್ಚೆ ಅಂತ ಓಡಿ ಬಂದೆ. ಮೋಸ!

ನೋಡಿ, ಕನ್ನಡ ಲಿಪಿಯಲ್ಲಿ ಬರೆದರೆ ಕೊಳ್ಳುವ ಬೈ, ಹೋಗಿಬರುತ್ತೇನೆ ಅನ್ನುವ ಬೈ, ನಿಮ್ಮ ಈ ಬೈ, ನಮ್ಮ ಬಯ್ಗುಳದ ಬೈ ನಾಲ್ಕೂ ಒಂದೇ ಥರ ಕಾಣುತ್ತದೆ. ಇಂಗ್ಲಿಷಿನವರಿಗೂ ಕಿವಿಗೆ ಮೊದಲ ಮೂರು ಒಂದೇ. ಪಾಪ, ಬಯ್ಯುವ ಸುಖ ಮಾತ್ರ ಅವರಿಗಿಲ್ಲ.

ಬೇರುಬಿಳಲು

ಮೂಲ ಅರ್ಥ ಇದೆಯಾ ಅಂತ ಕೇಳಿದ್ದೀರಿ. ಇದೆ. ‘ಪಕ್ಕ’. ಸ್ವಲ್ಪ ಉದ್ದ ಬರೆಯುತ್ತೇನೆ, ಇದು ನನಗೆ ತುಂಬಾ ಇಷ್ಟದ ವಿಷಯ.

ಹಳೆಯ ಇಂಗ್ಲಿಷಿನಲ್ಲಿ ಇದು ‘ಬೀ’ ಅಂತ ಇತ್ತು, ಒತ್ತು ಇಲ್ಲದ ಕಡೆ ಮೊಟಕಾಗಿ ‘ಬೆ’. ಅರ್ಥ ಹತ್ತಿರ, ಪಕ್ಕ, ಬದಿ. ಜರ್ಮನ್ ಭಾಷೆಯ ‘ಬೈ’ ಇದರ ಸೋದರ, ಅದು ಇವತ್ತಿಗೂ ಮುಖ್ಯವಾಗಿ ಹತ್ತಿರ ಅನ್ನುವ ಕೆಲಸವನ್ನೇ ಮಾಡುತ್ತದೆ. ಇಂಗ್ಲಿಷಿನಲ್ಲಿ ‘ಬೈ ದ ವಿಂಡೋ’ ಅಂದರೆ ಕಿಟಕಿ ಪಕ್ಕ. ಅದು ಹಳೆಯ ಅರ್ಥ ಹಾಗೇ ಉಳಿದದ್ದು. ಪಕ್ಕದಲ್ಲೇ ಹಾದು ಹೋದರೆ ‘ವಾಕ್ಡ್ ಬೈ’. ಪಕ್ಕದಲ್ಲಿ ನಿಂತರೆ ‘ಸ್ಟ್ಯಾಂಡ್ ಬೈ’. ಈ ಕೊನೆಯದು ನೋಡಿ ಎಷ್ಟು ಮಜವಾಗಿದೆ. ಪಕ್ಕದಲ್ಲಿ ನಿಂತವನು ಕಷ್ಟಕ್ಕೆ ಜೊತೆಯಾಗಬಹುದು, ಕರೆದ ತಕ್ಷಣ ಬರಲು ಸಿದ್ಧವಾಗಿರಬಹುದು, ಇಲ್ಲ ಕೈಕಟ್ಟಿಕೊಂಡು ಸುಮ್ಮನೆ ನೋಡುತ್ತಲೂ ಇರಬಹುದು. ಸ್ಟ್ಯಾಂಡ್ ಬೈಗೆ ಈ ಮೂರೂ ಅರ್ಥ ಇದೆ! ಪಕ್ಕದಲ್ಲಿ ನಿಲ್ಲುವುದು ಅಂದರೆ ಏನು ಅನ್ನುವುದು ನಿಂತವನ ಮೇಲೆ ಹೋಗುತ್ತದೆ.

‘ಬೈ ದ ವೇ’ ಮೊದಲಿಗೆ ದಾರಿಯಲ್ಲಿ, ದಾರಿಯ ಬದಿಯಲ್ಲಿ ಅಂತಲೇ ಇತ್ತು. ಆಮೇಲೆ ಮಾತಿನ ದಾರಿಗೆ ಬಂತು. ಮುಖ್ಯ ಮಾತು ಹೋಗುತ್ತಿದ್ದಾಗ ಬದಿಯಲ್ಲಿ ಕಂಡದ್ದನ್ನು ಹೇಳುವುದು. ‘ಬೈಪ್ರಾಡಕ್ಟ್’ ಅಂದರೆ ಮುಖ್ಯ ವಸ್ತುವಿನ ಬದಿಯಲ್ಲಿ ಹುಟ್ಟಿದ್ದು. ಅದನ್ನು ಕನ್ನಡದಲ್ಲಿ ಉಪ ಉತ್ಪನ್ನ ಅನ್ನುತ್ತೇವೆ, ಬೈ ಎಲೆಕ್ಷನ್‌ಗೆ ಉಪಚುನಾವಣೆ ಅನ್ನುತ್ತೇವೆ. ಸಂಸ್ಕೃತದ ಈ ‘ಉಪ’ಕ್ಕೂ ಮೊದಲ ಅರ್ಥ ಹತ್ತಿರ ಅಂತಲೇ! ಹತ್ತಿರದ್ದು, ಬದಿಯದ್ದು, ಆದ್ದರಿಂದ ಮುಖ್ಯವಲ್ಲದ್ದು. ಎರಡು ಭಾಷೆ ಬೇರೆ ಬೇರೆ ದಾರಿಯಲ್ಲಿ ನಡೆದು ಒಂದೇ ಕಡೆ ಬಂದಿವೆ.

ಈಗ ಕಷ್ಟದ ಜಾಗ. ಪಕ್ಕ ಅನ್ನುವ ಪದ ‘ಯಾರು ಮಾಡಿದ್ದು’ ಅನ್ನುವುದಕ್ಕೆ ಹೇಗೆ ಬಂತು? ಫೋಟೋ ಕೆಳಗಿನ ಬೈ ಹೇಗೆ ಪಕ್ಕ ಆಗುತ್ತದೆ? ಇದು ನನಗೆ ಬಹಳ ದಿನ ಅರ್ಥವಾಗಿರಲಿಲ್ಲ. ಒಂದು ದಿನ ಯಾರೋ ಫೋನಿನಲ್ಲಿ ‘ಅರ್ಜಿನ ಅವಳ ಹತ್ರ ಬರೆಸಿದೆ’ ಅಂದದ್ದು ಕಿವಿಗೆ ಬಿತ್ತು. ಅವಳ ಹತ್ತಿರ ಬರೆಸಿದೆ! ಬರೆದವಳು ಅವಳು. ‘ಹತ್ತಿರ’ ಅನ್ನುವ ಜಾಗದ ಪದ ಮಾಡಿದವರನ್ನು ತೋರಿಸುತ್ತಿದೆ. ‘ಇದು ನನ್ನ ಹತ್ರ ಆಗಲ್ಲ’ ಅನ್ನುವಾಗಲೂ ಅಷ್ಟೇ. ದುಡ್ಡು ಯಾರ ಹತ್ರ ಇದೆ, ಅವರ ಹತ್ರ ಕೇಳು, ಇವರ ಹತ್ರ ಮಾತಾಡು, ಹತ್ತು ಗಂಟೆ ಹತ್ರ ಆಯಿತು. ಒಂದು ‘ಹತ್ತಿರ’ವನ್ನು ನಾವು ಎಷ್ಟು ದುಡಿಸಿಕೊಳ್ಳುತ್ತೇವೆ ಎಣಿಸಿ. ಯಾರೂ ನಮಗೆ ಇದನ್ನು ಉರು ಹೊಡೆಸಲಿಲ್ಲ. ಇಂಗ್ಲಿಷಿನವರು ಬೈಗೆ ಮಾಡಿದ್ದೂ ಇದನ್ನೇ. ಒಂದು ಕೆಲಸ ಯಾರ ಬಳಿ ನಡೆಯಿತೋ ಅವರ ಕೈಯಿಂದಲೇ ನಡೆದಿರುತ್ತದೆ ಅಂತ ಮನಸ್ಸು ತಾನಾಗಿ ಅಂದುಕೊಳ್ಳುತ್ತದೆ.

ಇದು ಒಂದೇ ದಿನದಲ್ಲಿ ಆದದ್ದಲ್ಲ. ಬಹಳ ಕಾಲ ಇಂಗ್ಲಿಷಿನಲ್ಲಿ ಮಾಡಿದವರನ್ನು ತೋರಿಸಲು ‘ಆಫ್’ ಬಳಸುತ್ತಿದ್ದರು. 1611ರ ಕಿಂಗ್ ಜೇಮ್ಸ್ ಬೈಬಲಿನಲ್ಲಿ ‘ಟೆಂಪ್ಟೆಡ್ ಆಫ್ ದ ಡೆವಿಲ್’ ಅಂತಿದೆ. ಇವತ್ತು ಬರೆದರೆ ಅಲ್ಲಿ ಬೈ ಬರುತ್ತದೆ.

ಇನ್ನೊಂದು. ಆ ಮೊಟಕು ‘ಬೆ’ ಇದೆಯಲ್ಲ, ಅದು ಎಲ್ಲೂ ಹೋಗಿಲ್ಲ. ಬಿಫೋರ್, ಬಿಹೈಂಡ್, ಬಿಸೈಡ್, ಬಿಟ್ವೀನ್, ಬಿಲೋ, ಬಿಯಾಂಡ್ ಎಲ್ಲದರ ತಲೆಯ ಮೇಲೂ ಕೂತಿರುವುದು ಅದೇ. ಬಿಕಾಸ್ ಅಂದರೆ ‘ಬೈ ಕಾಸ್’, ಕಾರಣದಿಂದ. ‘ಬಟ್’ ಕೂಡ ಹಳೆಯ ‘ಬೆ ಊತನ್’ನಿಂದ ಸವೆದು ಬಂದದ್ದು, ಹೊರಗಡೆ ಅಂತ ಅದರ ಅರ್ಥ. ನಾವು ದಿನಕ್ಕೆ ನೂರು ಸಲ ಬಟ್ ಅನ್ನುವಾಗ ಒಳಗೊಂದು ಬೈ ಇರುತ್ತದೆ ಅಂತ ಯಾರಿಗೆ ಹೊಳೆಯುತ್ತದೆ!

ಎರಡುದೋಣಿ

ಮೇಲಿನವರ ‘ಹತ್ರ ಬರೆಸಿದೆ’ ಓದಿ ಖುಷಿಯಾಯಿತು. ನಾನು ಅನುವಾದ ಮಾಡಿ ಹೊಟ್ಟೆ ಹೊರೆಯುವವಳು, ಈ ಬೈ ನನ್ನ ದಿನನಿತ್ಯದ ಶತ್ರು. ಎರಡು ಮಾತು ಸೇರಿಸುತ್ತೇನೆ.

ಶಾಲೆಯಲ್ಲಿ ನಮಗೆ ಕರ್ಮಣಿ ಪ್ರಯೋಗ ಕಲಿಸಿದರು. ಬೈ ಕಂಡರೆ ‘ಇಂದ’ ಹಾಕು, ಕ್ರಿಯಾಪದಕ್ಕೆ ‘ಅಲ್ಪಟ್ಟಿತು’ ಅಂಟಿಸು. ‘ಅವನಿಂದ ಪತ್ರವು ಬರೆಯಲ್ಪಟ್ಟಿತು.’ ಯಾರಾದರೂ ಮನೆಯಲ್ಲಿ ಹೀಗೆ ಮಾತಾಡಿದ್ದು ಕೇಳಿದ್ದೀರಾ? ಕನ್ನಡದಲ್ಲಿ ಅದು ‘ಆ ಪತ್ರ ಬರೆದದ್ದು ಅವನು’. ಅಷ್ಟೇ. ಇಂಗ್ಲಿಷಿನಲ್ಲಿ ಪತ್ರವನ್ನು ಮುಂದೆ ತರಬೇಕಾದರೆ ವಾಕ್ಯವನ್ನೇ ತಲೆಕೆಳಗು ಮಾಡಿ ಬೈ ಕರೆಯಬೇಕು, ಯಾಕೆಂದರೆ ಅಲ್ಲಿ ಪದ ನಿಂತ ಜಾಗವೇ ಅದರ ಅರ್ಥ. ನಮ್ಮಲ್ಲಿ ವಿಭಕ್ತಿ ಇದೆ, ‘ಪತ್ರವನ್ನು ಅವನು ಬರೆದ’ ಅಂತ ಪದವನ್ನು ಎತ್ತಿ ಮುಂದಿಟ್ಟರೆ ಆಯಿತು. ಬೈ ಬೇಕಾಗುವುದೇ ಇಲ್ಲ. ಅನುವಾದದಲ್ಲಿ ನಾನು ಅಳಿಸಿ ಹಾಕುವ ಮೊದಲ ಪದವೇ ಇದು.

ಎರಡನೆಯ ರೋಗ ‘ಮೂಲಕ’. ‘ಬೈ ಪ್ರೆಸ್ಸಿಂಗ್ ದ ಬಟನ್’ ಅಂತ ಕಂಡರೆ ಸಾಕು, ‘ಗುಂಡಿಯನ್ನು ಒತ್ತುವ ಮೂಲಕ ತೆರೆಯಿರಿ’ ಅಂತ ಬರೆಯುತ್ತಾರೆ. ‘ಗುಂಡಿ ಒತ್ತಿ ತೆರೆಯಿರಿ’ ಅಂದರೆ ಏನು ಕಡಿಮೆಯಾಯಿತು? ಆ ‘ಒತ್ತಿ’ಯಲ್ಲೇ ಬೈ ಇದೆ. ಫೋನಿನ ಸೂಚನೆಗಳಲ್ಲಿ, ಸುದ್ದಿಯಲ್ಲಿ ‘ಹೇಳುವ ಮೂಲಕ’, ‘ಮಾಡುವ ಮೂಲಕ’ ಜಾಸ್ತಿಯಾಗಿಬಿಟ್ಟಿದೆ. ಪತ್ರ ಅಂಚೆ ಮೂಲಕ ಬರಲಿ, ಬೇಡ ಅನ್ನುವುದಿಲ್ಲ. ‘ನಗುವ ಮೂಲಕ ಉತ್ತರಿಸಿದರು’ ಅಂದರೆ ನನಗೆ ತಡೆಯುವುದಿಲ್ಲ. ನಕ್ಕರು, ಅಷ್ಟೇ.

ಇದೇ ‘ಇಂದ’ ಇನ್ನೊಂದು ಕಡೆ ಕಾಲು ಹಿಡಿದು ಎಳೆಯುತ್ತದೆ. ಕನ್ನಡದಲ್ಲಿ ‘ಅವನಿಂದ ಆಯಿತು’, ‘ಚಾಕುವಿನಿಂದ ಕತ್ತರಿಸಿದೆ’ ಎರಡಕ್ಕೂ ಇಂದ. ಇಂಗ್ಲಿಷಿನಲ್ಲಿ ಮಾಡಿದವರಿಗೆ ಬೈ, ಕೈಯಲ್ಲಿ ಹಿಡಿದ ಸಾಮಾನಿಗೆ ವಿತ್. ‘ಕಟ್ ಬೈ ನೈಫ್’ ಅಂತ ಎಷ್ಟು ಜನ ಬರೆಯುತ್ತಾರೋ ಲೆಕ್ಕವಿಲ್ಲ. ಕೆಲವೊಮ್ಮೆ ಎರಡೂ ಸರಿಯಾಗಿರುತ್ತದೆ, ಆದರೆ ಕಥೆಯೇ ಬದಲಾಗುತ್ತದೆ. ‘ಹಿಟ್ ಬೈ ಎ ಸ್ಟೋನ್’ ಅಂದರೆ ಎಲ್ಲಿಂದಲೋ ಕಲ್ಲು ಬಂದು ತಗುಲಿತು. ‘ಹಿಟ್ ವಿತ್ ಎ ಸ್ಟೋನ್’ ಅಂದರೆ ಯಾರೋ ಕಲ್ಲು ತೆಗೆದುಕೊಂಡು ಹೊಡೆದರು. ಮೊದಲನೆಯದಕ್ಕೆ ಡಾಕ್ಟರು ಸಾಕು, ಎರಡನೆಯದಕ್ಕೆ ಪೊಲೀಸರೂ ಬೇಕು.

ಅರ್ಧಚಂದ್ರ

ಅಯ್ಯೋ, ಇಷ್ಟೆಲ್ಲ ಇದೆಯಾ! ಹಳೇಪೆನ್ಸಿಲ್ ಅವರೇ, ಗಡಿಕಲ್ಲು ನೆನಪಿಟ್ಟುಕೊಂಡೆ.

ಪಕ್ಕ, ಹತ್ತಿರ ಎಲ್ಲ ಅರ್ಥವಾಯಿತು. ಆದರೆ ಬೈ ಬಸ್ ಅನ್ನುವುದು ಬಸ್ಸಿನ ಪಕ್ಕ ಅಲ್ಲವಲ್ಲ? ನಾವು ‘ಬಸ್ಸಲ್ಲಿ’ ಅನ್ನುತ್ತೇವೆ, ಅವರು ‘ಇನ್ ಬಸ್’ ಅನ್ನುವುದಿಲ್ಲ ಯಾಕೆ? ‘ಬೈ ವಾಕ್ ಬಂದೆ’ ಅಂದರೂ ಯಾರೋ ತಿದ್ದಿದರು. ಮತ್ತೆ ‘ಬೈಹಾರ್ಟ್ ಮಾಡಿದೆ’ ಅನ್ನುವುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು?

ಹಳೇಪೆನ್ಸಿಲ್

ಬೈ ಬಸ್ ಅಂದಾಗ ಆ ಬಸ್ಸು ಒಂದು ವಸ್ತುವೇ ಅಲ್ಲ, ಹೋಗುವ ಒಂದು ವಿಧಾನ. ಅದಕ್ಕೇ ಅದರ ಹಿಂದೆ ಎ, ದ, ಮೈ ಯಾವುದೂ ಬರುವುದಿಲ್ಲ. ಬೈ ಬಸ್, ಬೈ ಟ್ರೈನ್, ಬೈ ಕಾರ್, ಬೈ ಸೀ. ನಿರ್ದಿಷ್ಟವಾಗಿ ಒಂದು ಗಾಡಿಯನ್ನು ತೋರಿಸಿದ ಕೂಡಲೇ ಬೈ ಜಾಗ ಬಿಡುತ್ತದೆ. ‘ಬೈ ಮೈ ಕಾರ್’ ಅಲ್ಲ, ‘ಇನ್ ಮೈ ಕಾರ್’. ಬಸ್ಸು ರೈಲಿಗೆ ‘ಆನ್ ದ ಬಸ್’, ‘ಆನ್ ದ ಟ್ರೈನ್’. ಬೈ ಮಿಸ್ಟೇಕ್, ಬೈ ಚಾನ್ಸ್, ಬೈ ಹ್ಯಾಂಡ್ ಇವೂ ಇದೇ ಜಾತಿ, ಹೇಗೆ ಆಯಿತು ಅಂತ ಹೇಳುವವು. ಅಲ್ಲೂ ಪದ ಒಂಟಿಯಾಗಿಯೇ ನಿಲ್ಲುತ್ತದೆ.

ನಡೆದು ಬಂದರೆ ‘ಆನ್ ಫುಟ್’. ‘ಬೈ ಫುಟ್’ ಅನ್ನುವವರೂ ಇದ್ದಾರೆ, ಯಾರೂ ಜಗಳಕ್ಕೆ ಬರುವುದಿಲ್ಲ. ‘ಬೈ ವಾಕ್’ ಮಾತ್ರ ಬೇಡ. ಸುಮ್ನೆ ‘ಐ ವಾಕ್ಡ್’ ಅಂದರೆ ಮುಗಿಯಿತು, ಅದು ಎಲ್ಲಕ್ಕಿಂತ ಚೆಂದ.

ಬೈಹಾರ್ಟ್ ಅನ್ನುವುದನ್ನು ನಾವು ಕನ್ನಡದಲ್ಲಿ ಒಂದೇ ಪದ ಮಾಡಿ ‘ಮಾಡು’ ಸೇರಿಸಿಕೊಂಡಿದ್ದೇವೆ. ಅದು ನಮ್ಮದೇ ಪದ ಆಗಿಹೋಗಿದೆ, ತಪ್ಪಿಲ್ಲ. ಇಂಗ್ಲಿಷಿನಲ್ಲಿ ಮಾತ್ರ ‘ಲರ್ನ್’ ಬೇಕು, ‘ಲರ್ನ್ ಇಟ್ ಬೈ ಹಾರ್ಟ್’. ‘ಐ ಬೈಹಾರ್ಟೆಡ್ ಇಟ್’ ಅಂದರೆ ಹೊರಗಿನವರು ಕಣ್ಣು ಬಿಡುತ್ತಾರೆ.

ಲೆಕ್ಕದಹುಳ

ಯಾರೂ ಸಂಖ್ಯೆಗಳ ಬಗ್ಗೆ ಮಾತಾಡಲಿಲ್ಲ, ನನಗೆ ಅಲ್ಲೇ ಹೊಟ್ಟೆ ಉರಿಯುವುದು.

‘ರೋಸ್ ಟು 10’ ಮತ್ತು ‘ರೋಸ್ ಬೈ 10’ ಒಂದೇ ಅಲ್ಲ. ಟು ಅಂದರೆ ಎಲ್ಲಿಗೆ ಮುಟ್ಟಿತು, ಬೈ ಅಂದರೆ ಎಷ್ಟು ನೆಗೆಯಿತು. ಕನ್ನಡದಲ್ಲಿ ಇದನ್ನು ಎರಡು ಅಕ್ಷರದಲ್ಲಿ ಹೇಳಬಹುದು: ‘ಶೇ 10ಕ್ಕೆ ಏರಿತು’, ‘ಶೇ 10ರಷ್ಟು ಏರಿತು’. ‘ಕ್ಕೆ’ ಅಂದರೆ ಟು, ‘ರಷ್ಟು’ ಅಂದರೆ ಬೈ. ಸುದ್ದಿ ಅನುವಾದ ಮಾಡುವಾಗ ಇವನ್ನು ಅದಲುಬದಲು ಮಾಡಿಬಿಡುತ್ತಾರೆ, ಆಮೇಲೆ ಓದುವವರು ಗಾಬರಿಯಾಗುತ್ತಾರೆ. ಇದರಲ್ಲಿ ಇನ್ನೊಂದು ಗುಂಡಿಯೂ ಇದೆ. ಬಡ್ಡಿ ಶೇ 8ರಿಂದ ಶೇ 10ಕ್ಕೆ ಹೋಯಿತು ಅಂದುಕೊಳ್ಳಿ. ಬೈ ಎಷ್ಟು? ಶೇ 2 ಅಂತ ಬಾಯಿಗೆ ಬರುತ್ತದೆ. ಸರಿಯಾಗಿ ಹೇಳಬೇಕಾದರೆ ಅದು 2 ಪರ್ಸೆಂಟೇಜ್ ಪಾಯಿಂಟ್, ಹಳೆಯ ಬಡ್ಡಿಗೆ ಹೋಲಿಸಿದರೆ ಶೇ 25ರಷ್ಟು ಏರಿಕೆ. 8ಕ್ಕೆ 2 ಅಂದರೆ ಕಾಲು ಭಾಗ ಅಲ್ವಾ. ಬೈ ಅಂತ ಬರೆಯುವಾಗ ಯಾವುದರ ಮೇಲೆ ಎಷ್ಟು ಅಂತ ಯೋಚಿಸದೆ ಬರೆದರೆ ಸುಳ್ಳೇ ಆಗುತ್ತದೆ.

ಭಿನ್ನರಾಶಿಯನ್ನು ನಾವು ‘ಮೂರು ಬೈ ನಾಲ್ಕು’ ಅಂತ ಓದುತ್ತೇವೆ. ಇಂಗ್ಲಿಷನ್ನೇ ಆಡಿ ಬೆಳೆದವರ ಕಿವಿಗೆ ‘ತ್ರೀ ಬೈ ಫೋರ್’ ಅಂದರೆ ಉದ್ದ ಅಗಲದ ಅಳತೆ. ಅವರ ಮುಕ್ಕಾಲು ‘ತ್ರೀ ಕ್ವಾರ್ಟರ್ಸ್’ ಅಥವಾ ‘ತ್ರೀ ಓವರ್ ಫೋರ್’. ನಮ್ಮದು ‘ಡಿವೈಡೆಡ್ ಬೈ’ಯನ್ನು ಕತ್ತರಿಸಿ ಇಟ್ಟುಕೊಂಡ ತುಂಡು. ನನಗೇನೂ ಅದರ ಮೇಲೆ ಕೋಪ ಇಲ್ಲ, ಆದರೆ ಬೇರೆ ದೇಶದವರ ಜೊತೆ ಫೋನಿನಲ್ಲಿ ಲೆಕ್ಕ ಹೇಳುವಾಗ ಎಚ್ಚರ.

ಬೇರುಬಿಳಲು ಅವರಿಗೆ ಒಂದು ಪ್ರಶ್ನೆ. ‘ಏರಿತು ಬೈ 10’ ಇದರಲ್ಲಿ ಪಕ್ಕ ಎಲ್ಲಿದೆ? ಬಲವಂತಕ್ಕೆ ಎಲ್ಲವನ್ನೂ ಪಕ್ಕಕ್ಕೆ ತಂದು ನಿಲ್ಲಿಸಬೇಡಿ.

ಬೇರುಬಿಳಲು

ಒಪ್ಪಿದೆ, ಇದರಲ್ಲಿ ಪಕ್ಕ ನೇರವಾಗಿ ಕಾಣುವುದಿಲ್ಲ. ಪದ ಒಂದು ಅರ್ಥದಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ದಾಟುತ್ತದೆ. ನಾಲ್ಕನೆಯ ಮನೆಗೆ ಹೋದ ಮೇಲೆ ಮೊದಲ ಮನೆಯ ನೆನಪು ಇರಲೇಬೇಕು ಅಂತಿಲ್ಲ.

ಆದರೂ ನಡುವಿನ ಒಂದು ಮೆಟ್ಟಿಲು ಕಾಣುತ್ತದೆ. ‘ಮಿಸ್ಡ್ ಬೈ ಆ್ಯನ್ ಇಂಚ್’ ಅಂದರೆ ಇಂಚು ಅಂತರದಲ್ಲಿ ಪಕ್ಕಕ್ಕೆ ಹೋಯಿತು. ಅಲ್ಲಿ ಬೈ ಅಳೆಯುವುದು ಅಂತರವನ್ನು. ಹಡಗಿನವರ ದಿಕ್ಕಿನಲ್ಲೂ ಇದೆ. ದಿಕ್ಸೂಚಿಯನ್ನು ಅವರು 32 ಭಾಗ ಮಾಡುತ್ತಿದ್ದರು, ಒಂದೊಂದು ಹನ್ನೊಂದೂಕಾಲು ಡಿಗ್ರಿ. ‘ನಾರ್ತ್ ಬೈ ಈಸ್ಟ್’ ಅಂದರೆ ಉತ್ತರದಿಂದ ಪೂರ್ವದ ಕಡೆಗೆ ಬರೀ ಒಂದು ಭಾಗ ಸರಿದದ್ದು. ಅಲ್ಲಿ ಬೈ ಅಂದರೆ ಸ್ವಲ್ಪ ಪಕ್ಕಕ್ಕೆ ಸರಿದದ್ದು ಅಂತಲೇ. ಇಬ್ಬರ ನಡುವೆ ಎಷ್ಟು ಅಂತರ ಅನ್ನುವುದಕ್ಕೆ, ಹಳೆಯ ಸಂಖ್ಯೆ ಹೊಸ ಸಂಖ್ಯೆ ನಡುವೆ ಎಷ್ಟು ಅಂತರ ಅನ್ನುವುದಕ್ಕೆ ಬಹಳ ದೂರ ಇಲ್ಲ.

ಹಡಗು ಅಂದಾಗ ನೆನಪಾಯಿತು. ‘ಬೈ ಆ್ಯಂಡ್ ಲಾರ್ಜ್’ ಅನ್ನುತ್ತಾರಲ್ಲ, ಒಟ್ಟಾರೆ ಅಂತ, ಅದೂ ಹಾಯಿಹಡಗಿನ ಮಾತು. ಗಾಳಿ ಬರುವ ದಿಕ್ಕಿಗೆ ಆದಷ್ಟು ಹತ್ತಿರ ಮುಖಮಾಡಿ ಹೋಗುವುದು ‘ಬೈ’, ಗಾಳಿಯನ್ನು ಬೆನ್ನಿಗೆ ತೆಗೆದುಕೊಂಡು ಹೋಗುವುದು ‘ಲಾರ್ಜ್’. ಎರಡಕ್ಕೂ ಸೈ ಅನ್ನಿಸಿಕೊಂಡ ಹಡಗು ಒಟ್ಟಾರೆ ಒಳ್ಳೆಯ ಹಡಗು.

ಮಾತಿನಮಲ್ಲಿ

ಹಾಗಾದರೆ ಗುಡ್ ಬೈಯಲ್ಲಿರುವುದೂ ಇದೇ ಬೈಯಾ? ಸಂಘದ ಬೈಲಾ? ಕ್ರಿಕೆಟ್ಟಿನ ಬೈ, ಲೆಗ್ ಬೈ? ಒಟ್ಟಿಗೇ ಕೇಳಿಬಿಡುತ್ತೇನೆ, ಇನ್ನೊಂದು ಸಲ ಬೈಯಿಸಿಕೊಳ್ಳುವುದು ಬೇಡ.

ಬೇರುಬಿಳಲು

ಗುಡ್ ಬೈ ಅಲ್ಲ. ಅದು ‘ಗಾಡ್ ಬಿ ವಿತ್ ಯೀ’, ದೇವರು ನಿಮ್ಮ ಜೊತೆಗಿರಲಿ ಅನ್ನುವುದು ಸವೆದು ಸವೆದು ಆದದ್ದು. ಗುಡ್ ಡೇ, ಗುಡ್ ಈವ್ನಿಂಗ್ ಜೊತೆ ಓಡಾಡಿ ಗಾಡ್ ಹೋಗಿ ಗುಡ್ ಬಂತು.

ಬೈಲಾ ಸ್ವಲ್ಪ ಗೊಂದಲದ್ದು. ಉಪನಿಯಮ ಅಂತ ಅರ್ಥ ಮಾಡಿದರೆ ಪಕ್ಕದ ಬೈ ಅನ್ನಿಸುತ್ತದೆ, ಆದರೆ ಅದು ಬಹುಪಾಲು ಹಳೆಯ ನಾರ್ಸ್ ಭಾಷೆಯ, ಊರು ಅನ್ನುವ ಅರ್ಥದ ಪದದಿಂದ ಬಂದದ್ದು ಅಂತ ಪದಗಳ ಹುಟ್ಟು ಹುಡುಕುವವರು ಹೇಳುತ್ತಾರೆ. ಊರಿನ ಕಟ್ಟಳೆ. ಇಂಗ್ಲೆಂಡಿನ ಡರ್ಬಿ, ವಿಟ್ಬಿ, ಗ್ರಿಮ್ಸ್‌ಬಿ ಇಂಥ ಊರ ಹೆಸರುಗಳ ಕೊನೆಯ ‘ಬಿ’ ಅದೇ. ವೈಕಿಂಗರು ಬಿಟ್ಟು ಹೋದದ್ದು. ಮುಖ ಒಂದೇ ಥರ, ಮನೆತನ ಬೇರೆ.

ಕ್ರಿಕೆಟ್ಟಿನದು ಮಾತ್ರ ಇದೇ ಕುಟುಂಬ ಅನ್ನುತ್ತಾರೆ. ಚೆಂಡು ಬ್ಯಾಟಿಗೂ ಮೈಗೂ ತಾಗದೆ ಪಕ್ಕದಲ್ಲಿ ಹಾದು ಹೋದಾಗ ಓಡಿ ತೆಗೆದ ರನ್ನು. ನೋಡಿ, ಕೊನೆಗೂ ಪಕ್ಕ ಸಿಕ್ಕಿತು.

ಎರಡುದೋಣಿ

ಒಂದು ಬಿಟ್ಟುಹೋಯಿತು. ಒನ್ ಬೈ ಒನ್, ಸ್ಟೆಪ್ ಬೈ ಸ್ಟೆಪ್, ಲಿಟ್ಲ್ ಬೈ ಲಿಟ್ಲ್. ಇವಕ್ಕೆ ಕನ್ನಡದಲ್ಲಿ ಬೈ ಹುಡುಕುವ ಕೆಲಸವೇ ಇಲ್ಲ, ಪದವನ್ನು ಎರಡು ಸಲ ಹೇಳಿದರೆ ಆಯಿತು. ಒಂದೊಂದಾಗಿ, ಒಬ್ಬೊಬ್ಬರಾಗಿ, ಹೆಜ್ಜೆಹೆಜ್ಜೆಯಾಗಿ, ಸ್ವಲ್ಪ ಸ್ವಲ್ಪವಾಗಿ, ದಿನೇ ದಿನೇ. ‘ಬೈ ದ ಡಜನ್’ ಅಂದರೆ ಡಜನ್‌ಗಟ್ಟಲೆ. ‘ಬೈ ದ ಅವರ್’ ಅಂದರೆ ಗಂಟೆ ಲೆಕ್ಕದಲ್ಲಿ. ಇಷ್ಟು ಒಳ್ಳೆಯ ಪದಗಳು ಮನೆಯಲ್ಲೇ ಇರುವಾಗ ‘ಹಂತದಿಂದ ಹಂತಕ್ಕೆ’ ಅಂತ ಯಾಕೆ ಹೆಣಗುತ್ತಾರೋ.

ಅರ್ಧಚಂದ್ರ

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ‘ಅಟ್ ಮೈ ಡೆಸ್ಕ್ ಅಂಟಿಲ್ ಸಿಕ್ಸ್’ ಅಂತ ಬರೆದು ಕಳಿಸಿದೆ, ಅವರು ಐದೂವರೆಗೇ ಬಂದರು. ಫೈಲಿನ ಬಗ್ಗೆ ಹತ್ತು ನಿಮಿಷ ಮಾತಾಡಿದೆವು, ಬಟ್ ಅನ್ನುವುದರೊಳಗೆ ಬೈ ಇದೆ ಅಂತ ಹೇಳಿದ್ದಕ್ಕೆ ಇನ್ನು ಅರ್ಧ ಗಂಟೆ ಹಿಡಿಯಿತು. ಅವರು ನಂಬಲಿಲ್ಲ, ಫೋನ್ ತೆಗೆದು ಹುಡುಕಿ ನೋಡಿದರು.

ಹೊರಡುವಾಗ ಅವರು ‘ಸಿಕ್ಸ್ ಬೈ ಮೈ ವಾಚ್’ ಅಂದರು. ಇದು ಯಾವ ಬೈ?

ಹಳೇಪೆನ್ಸಿಲ್

‘ಪ್ರಕಾರ’. ನನ್ನ ಗಡಿಯಾರದ ಪ್ರಕಾರ ಆರು. ‘ಬೈ ಲಾ’ ಅಂತ ಬಿಡಿಸಿ ಬರೆದರೆ ಕಾನೂನಿನ ಪ್ರಕಾರ, ಅದೂ ಇದೇ. ಬೈಲಾ ಬೇರೆ, ಮೇಲೆ ಹೇಳಿದ್ದಾರೆ. ಈಗ ಮನೆಗೆ ಹೋಗಿ.